ಗುರಿ ನೂರಕ್ಕೆ ನೂರು, ಗಣಿತಕ್ಕೆ ಪಿ.ಟಿ. ಮೇಷ್ಟ್ರು

ಡಿಸೆಂಬರ್ ಬಂತೆಂದರೆ ಪ್ರೌಢಶಾಲೆಗಳಿಗೆ ಸುತ್ತೋಲೆಗಳ ಸುಗ್ಗಿ. ಎಸ್ಸೆಸ್ಸೆಲ್ಸಿ ಫಲಿತಾಂಶ ಸುಧಾರಣೆಗೆ ಬೆಳಗ್ಗೆ ವಿಶೇಷ ತರಗತಿ, ಸಂಜೆ ಗುಂಪು ಅಧ್ಯಯನ, ಹಿಂದುಳಿದ ಮಕ್ಕಳನ್ನು ಶಿಕ್ಷಕರು ದತ್ತು ತೆಗೆದುಕೊಳ್ಳುವುದು, ನಸುಕಿನಲ್ಲಿ ಫೋನ್ ಮಾಡಿ ಎಬ್ಬಿಸುವುದು. ಹುಡುಗ ಎದ್ದನೋ ಮಗ್ಗುಲಾದನೋ, ಎಬ್ಬಿಸಿದ್ದಕ್ಕೆ ದಾಖಲೆಯಂತೂ ಬೇಕು.

ಆಮೇಲೆ ಪರಿಶೀಲನಾ ಸಭೆ. ಯಾವ ಜಿಲ್ಲೆಯದಾದರೂ ಸರಿ, ಸಂಭಾಷಣೆ ಹೆಚ್ಚುಕಡಿಮೆ ಹೀಗಿರುತ್ತದೆ:

“ನಿಮ್ಮ ಗುರಿ ಎಷ್ಟ್ರೀ?”

“ನೂರಕ್ಕೆ ನೂರು ಸರ್.”

“ಹೋದ ವರ್ಷ ಎಷ್ಟು ಬಂದಿತ್ತು?”

“ನಲವತ್ತೆರಡು ಸರ್. ಗಣಿತದ ಪೋಸ್ಟ್ ಖಾಲಿ ಇದೆ. ಪಿ.ಟಿ. ಸರ್ ತಗೋತಿದಾರೆ.”

“ನೆಪ ಹೇಳಬೇಡಿ, ಪರಿಹಾರ ಹೇಳಿ.”

ಪರಿಹಾರ ತಮ್ಮ ಕಚೇರಿಯಲ್ಲೇ ಇದೆ ಸರ್ ಎನ್ನಬಹುದಿತ್ತು. ಆದರೆ ಹೆಡ್ಮಾಸ್ಟರಿಗೆ ನಿವೃತ್ತಿಗೆ ಇನ್ನೂ ಮೂರು ವರ್ಷವಿತ್ತು.

ಪಿ.ಟಿ. ಮೇಷ್ಟ್ರ ತಪ್ಪೇನೂ ಇಲ್ಲ. ರಾತ್ರಿ ಯೂಟ್ಯೂಬ್ ನೋಡಿಕೊಂಡು ತಯಾರಾಗಿ ಬರುತ್ತಾರೆ. ಬೋರ್ಡಿನ ಮೇಲೆ ಪೈಥಾಗೊರಸ್ ಪ್ರಮೇಯದ ತ್ರಿಕೋನ ಬಿಡಿಸುವಾಗಲೂ ಕೊರಳಲ್ಲಿ ಸೀಟಿ ನೇತಾಡುತ್ತಿರುತ್ತದೆ. ಅತ್ತ ಖೋಖೋ ತಂಡವೂ ಸೋಲುತ್ತದೆ, ಅದಕ್ಕೆ ಬೇರೆ ನೋಟಿಸು.

ಹದಿನಾಲ್ಕು ಶಿಕ್ಷಕರಿರುವ ಪೇಟೆಯ ಶಾಲೆಗೂ ನಾಲ್ವರಿರುವ ಹಳ್ಳಿಯ ಶಾಲೆಗೂ ಒಂದೇ ಸುತ್ತೋಲೆ, ಒಂದೇ ಗುರಿ. ಸಮಾನತೆ ಅಂದರೆ ಇದು! ಒಂದೇ ಎತ್ತು ಕಟ್ಟಿದ ಗಾಡಿಗೆ ಎರಡು ಬಾರುಕೋಲು ಹಿಡಿದರೆ ಲೆಕ್ಕ ಸರಿಹೋಗುತ್ತದೆಂಬುದು ಇಲಾಖೆಯ ನಂಬಿಕೆ. ನಮ್ಮಲ್ಲಿ ಅನುದಾನ ದಾರಿಯಲ್ಲಿ ಸೋರುತ್ತದೆ, ಬೆಂಚು ಬರುವಷ್ಟರಲ್ಲಿ ಕಾಲು ಮುರಿದಿರುತ್ತದೆ. ಒತ್ತಡ ಮಾತ್ರ ಬೆಂಗಳೂರಿನಿಂದ ಹೊರಟು ಡಿಡಿಪಿಐ, ಬಿಇಒ, ಹೆಡ್ಮಾಸ್ಟರ್ ಎಂದು ಇಳಿಯುತ್ತ, ಪ್ರತಿ ಮೇಜಿನಲ್ಲೂ ಒಂದಿಷ್ಟು ಬಡ್ಡಿ ಸೇರಿಸಿಕೊಂಡು, ಕೊನೆಯ ಬೆಂಚಿನ ಹುಡುಗನ ತಲೆಗೆ ತಪ್ಪದೆ ಮುಟ್ಟುತ್ತದೆ. ಫಲಾನುಭವಿಗೆ ಪೂರ್ತಿ ತಲುಪುವ ಏಕೈಕ ಸರ್ಕಾರಿ ಯೋಜನೆ ಇದೇ ಇರಬೇಕು.

ಇಷ್ಟೆಲ್ಲ ಒತ್ತಿದ್ದಕ್ಕೆ ಫಲ? 2023ರಲ್ಲಿ ಶೇ 83.89 ಬಂತು, ಬೆನ್ನು ತಟ್ಟಿಕೊಂಡದ್ದೂ ಆಯಿತು. 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದದ್ದೇ ತಡ, ಫಲಿತಾಂಶ ನೆಲ ನೋಡಿತು. ಅಷ್ಟು ವರ್ಷ ಒತ್ತಡ ಯಾರ ಕೈಯಲ್ಲಿ ಏನೇನು ಮಾಡಿಸುತ್ತಿತ್ತೆಂದು ಕ್ಯಾಮೆರಾ ಬಾಯಿಬಿಡದೆ ಹೇಳಿತು. ಆಗ ಇಲಾಖೆ ಕೃಪಾಂಕವನ್ನು ಶೇ 10ರಿಂದ ಶೇ 20ಕ್ಕೆ ಏರಿಸಿತು, ಅದನ್ನು ಪಡೆಯುವ ಅರ್ಹತೆಯನ್ನು ಶೇ 35ರಿಂದ ಶೇ 25ಕ್ಕೆ ಇಳಿಸಿತು. ಆಮೇಲೂ ಬಂದದ್ದು ಶೇ 73.40. ಮೇಷ್ಟ್ರನ್ನು ಒತ್ತಿದರೆ ಬಾರದ ಅಂಕ ಕಂಪ್ಯೂಟರಿನ ಗುಂಡಿ ಒತ್ತಿದರೆ ಬಂತು. ಮರುವರ್ಷ ಆ ಕೃಪೆಯೂ ನಿಂತು, ಮೊದಲ ಪರೀಕ್ಷೆಯಲ್ಲಿ ಶೇ 66.14ಕ್ಕೆ ಇಳಿಯಿತು. ಕೂಡಲೇ ನೆನಪಾದದ್ದು ಖಾಲಿ ಹುದ್ದೆಯಲ್ಲ, ನೋಟಿಸು.

ಸಾಹೇಬರೇ, ನೋಟಿಸು ಕೊಡಬೇಡಿ ಎನ್ನುತ್ತಿಲ್ಲ. ಅದರಲ್ಲಿ ಒಂದು ಕಾಲಂ ಹೆಚ್ಚಿಗೆ ಸೇರಿಸಿ: ಮಂಜೂರಾದ ಹುದ್ದೆ ಎಷ್ಟು, ಭರ್ತಿ ಎಷ್ಟು, ಖಾಲಿ ಎಂದಿನಿಂದ. ಅದಕ್ಕೆ ಸಮಜಾಯಿಷಿಯನ್ನು ತಾವೇ ಬರೆಯಿರಿ, ಮೂರು ದಿನದೊಳಗೆ.