ಎರಡು ಸಾಲು ಕಡ್ಡಿ

ಬ್ಯಾಡಗಿಯ ನಮ್ಮ ಹಿತ್ತಲಿಗೂ ಪಕ್ಕದ ಮನೆ ಕಾಕಾನ ಹಿತ್ತಲಿಗೂ ನಡುವೆ ಒಂದು ಮುಳ್ಳುಬೇಲಿ, ಅದೂ ಅರ್ಧ ಬಿದ್ದದ್ದು. ಮೊನ್ನೆ ಕಾಕಾ ಅದರ ಗೂಟ ಹಿಡಿದು ನಿಂತ ಗತ್ತಿಗೇ ಗೊತ್ತಾಯಿತು, ಹೊಟ್ಟೆಯಲ್ಲಿ ಏನೋ ಕುದಿಯುತ್ತಿದೆ.

"ರಾಣೆಬೆನ್ನೂರಿನ ನಮ್ಮ ಅಳಿಯಗ ನಾನಽ ತಬಲಾ ಕಲಿಸಿದ್ದೆ. ಈಗ ರಸಮಂಜರ್ಯಾಗ ಪ್ಯಾಡ್ ಬಡೀತಾನಂತ. ವಿದ್ಯಾ ಮಾರ್ಕೊಂಡ ನೋಡು ತಮ್ಮಾ!"

"ಭಜನಿಗೆ ಬಂದಾಗ ನೀವೇನು ಕೊಡ್ತಿದ್ರಿ ಕಾಕಾ?"

"ಚಾ, ಮಂಡಕ್ಕಿ, ಮಿರ್ಚಿ."

ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ಷರೀಫರ ಪದಗಳನ್ನು ಈಗ ಯಾರ ಧಾಟಿಯಲ್ಲಿ ಹಾಡುತ್ತೀರಿ ಎಂದು ಕೇಳಿಬಿಟ್ಟೆ. ಷರೀಫರು ನಮ್ಮ ಜಿಲ್ಲೆಯ ಶಿಶುನಾಳದವರು, 1819ರಿಂದ 1889ರವರೆಗೆ ಬದುಕಿದ್ದವರು. ಅವರ ಪದಗಳು ಏಕತಾರಿ, ದಮ್ಮಡಿ ಹಿಡಿದು ಊರೂರು ತಿರುಗಿದವು. ಆಮೇಲೆ ಬೆಂಗಳೂರಿನ ಸಿ. ಅಶ್ವತ್ಥ್ ತಮ್ಮದೇ ಧಾಟಿ ಹಾಕಿ, ಗಂಟಲು ಬಿಚ್ಚಿ ಹಾಡಿದರು. 1990ರಲ್ಲಿ ಷರೀಫರ ಮೇಲೆ ನಾಗಾಭರಣರ ಸಿನಿಮಾ ಬಂತು. ಆಗ "ಇದು ಬೆಂಗಳೂರು ಷರೀಫ" ಎಂದು ಮೂಗು ಮುರಿದಿದ್ದ ಇದೇ ಕಾಕಾನ ಬೆರಳು ಈಗ ಪೇಟಿಯ ಮೇಲೆ ತಾನಾಗಿ ಅಶ್ವತ್ಥರ ಧಾಟಿಗೇ ಓಡುತ್ತದೆ.

ಕಾಕಾ ಸೋಲುವ ಆಸಾಮಿಯಲ್ಲ. "ಗಂಗೂಬಾಯಿ ಹಾನಗಲ್ಲರನ್ನ ನೋಡು. ಭಜನ್, ಠುಮರಿ ಎಲ್ಲಾ ಹಾಡಿದವರು, 1945 ಆದಮ್ಯಾಲೆ ಅದನ್ನೆಲ್ಲಾ ಬಿಟ್ಟು ಬರೇ ಖ್ಯಾಲ ಹಿಡಿದ್ರು. ಅದು ನಿಷ್ಠಾ!"

ಹೌದು, ನಿಷ್ಠೆಯೇ. ಆದರೆ ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳ ಹಿಂದೂಸ್ತಾನಿ ಕಲಿಕೆಗೆ ಅಡ್ಡಿಯಾಗಬಾರದೆಂದು ತಮ್ಮ ಹಾಡನ್ನೇ ನಿಲ್ಲಿಸಿದರು. ಮನೆಯ ಸಂಗೀತ ಬಿಟ್ಟರು ಎಂದು ಯಾರಾದರೂ ಅಂದರೇ? ಖ್ಯಾಲದ ಕಡೆ ಹೊರಳಿದರೆ ಸಾಧನೆ, ಪ್ಯಾಡಿನ ಕಡೆ ಹೊರಳಿದರೆ ಮಾರಾಟ!

"ಮತ್ತ ಗವಾಯಿಗಳು?" ಎಂದೆ. ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯ ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದೆಯೂ ಎರಡೂ ಪದ್ಧತಿ ಕಲಿತವರು. 1944ರಲ್ಲಿ ಅವರು ಹೋದ ಮೇಲೆ ಗದುಗಿನ ಪುಣ್ಯಾಶ್ರಮದ ಭಾರ ಹೊತ್ತವರು ನಮ್ಮ ದೇವಗಿರಿಯ ಪುಟ್ಟರಾಜ ಗವಾಯಿಗಳು. ಆಶ್ರಮದ ಅಂಧ ಮಕ್ಕಳ ಅನ್ನಕ್ಕಾಗಿ ನಾಟಕ ಕಂಪನಿ ನಡೆಸಿದರು, ತಾವೇ ನಾಟಕ ಬರೆದರು. ಟಿಕೀಟು ಇಟ್ಟೇ ಆಡಿಸಿದ್ದು.

"ಅವರು ಮಕ್ಕಳ ಹೊಟ್ಟಿಗಂತ ಮಾಡಿದ್ರಪಾ."

"ನಿಮ್ಮ ಅಳಿಯಗೂ ಎರಡು ಮಕ್ಕಳದಾವ."

ಕಾಕಾ ಕೆಮ್ಮಿದರು. ನಿಜ ಹೇಳಬೇಕೆಂದರೆ ಆ ರಸಮಂಜರಿ ನನಗೂ ಸೇರುವುದಿಲ್ಲ. ಹತ್ತು ಹಾಡಿಗೂ ಒಂದೇ ಬಡಿತ, ಹಾಡು ಮುಗಿದದ್ದೂ ತಿಳಿಯುವುದಿಲ್ಲ. ಇದನ್ನು ಕಾಕಾಗೆ ಹೇಳಲಿಲ್ಲ, ಹೇಳಿದ್ದರೆ ರಾತ್ರಿಯಾಗುತ್ತಿತ್ತು.

ಬದಲಿಗೆ ಮೆಣಸಿನಕಾಯಿಗೆ ಬಂದೆ. "ಈ ಸಲ ಹೊಲಕ್ಕ ಏನು ಹಾಕೀರಿ? ಕಡ್ಡೀನೋ, ಡಬ್ಬೀನೋ?"

"ಹೈಬ್ರಿಡ್" ಎಂದರು, ದನಿ ತಗ್ಗಿಸಿ. "ಇಳುವರಿ ಬರಬೇಕಲ್ಲಪಾ. ಆದ್ರ ಮನೀಗಂತ ಎರಡು ಸಾಲು ಕಡ್ಡಿ ಬಿಟ್ಟೀನಿ. ಆ ಬಣ್ಣ, ಆ ವಾಸನಿ ಇರಲಿಲ್ಲಂದ್ರ ನಿಮ್ಮ ಕಾಕೂ ಖಾರ ಕುಟ್ಟಂಗಿಲ್ಲ."

"ಬರೂ ಅಮಾಸಿ ಭಜನಿಗೆ ತಬಲಾಕ್ಕ ಯಾರು?"

ಕಾಕಾ ಗೂಟ ಅಲ್ಲಾಡಿಸಿ ನೋಡಿದರು. "ಇನ್ಯಾರು, ಅವನಽ. ಶನಿವಾರ ರಾತ್ರಿ ಕಾರ್ಯಕ್ರಮ ಮುಗಿಸಿ ಸೀದಾ ಬರ್ತಾನಂತ."