ಫ್ರೇಮಪ್ಪ

ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಫ್ರೇಮಪ್ಪ ಅನ್ನೋದು ಗೆಳೆಯರು ಮಾಡಿದ ನಾಮಕರಣ, ಅವನಿಗೇನೂ ಬೇಸರವಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ ಶನಿವಾರ ಮಧ್ಯಾಹ್ನ ಇಂಥವನೊಬ್ಬ ಸಿಕ್ಕೇ ಸಿಗುತ್ತಾನೆ. ಕೊಳ್ಳಲು ಬಂದವನಲ್ಲ. ಕೊಳ್ಳಲು ಬಂದವರ ಪಕ್ಕ ನಿಂತು "ಸಾರ್, ಅದು ಬೇಡ" ಎನ್ನಲು ಬಂದವನು.

"4060 ತಗೋತೀರಾ? 2023ರ ಗ್ರಾಫಿಕ್ಸ್ ಕಾರ್ಡು, 8 ಜಿಬಿ ಮೆಮೊರಿ. 2021ರಲ್ಲಿ ಬಂದ 3060ಗೆ 12 ಕೊಟ್ಟಿದ್ರು! ಹೊಸದು ಬಂದಾಗ ಮೆಮೊರಿ ಕಮ್ಮಿ ಆಗೋದು ಎಲ್ಲಾದ್ರೂ ಕೇಳಿದೀರಾ?" ಮಾತು ನಿಜ. ಆದರೂ ವೇಗದಲ್ಲಿ ಹೊಸದೇ ಮುಂದು ಎನ್ನುವುದೂ ನಿಜ. ಅದನ್ನೂ ಅವನೇ ಹೇಳುತ್ತಾನೆ, ಗಿರಾಕಿ 3060 ಕೈಗೆತ್ತಿಕೊಂಡ ಮೇಲೆ. ಅಷ್ಟರಲ್ಲಿ ಅಂಗಡಿಯವರು ಟೀ ತರಿಸಿ ಅವನನ್ನು ಹೊರಗೆ ಕೂರಿಸುತ್ತಾರೆ.

ಮನೆಯಲ್ಲಿ ಅವನದು ಒಂದೇ ಆಟ: 2020ರಲ್ಲಿ ಪೋಲೆಂಡಿನ ಕಂಪನಿ ಬಿಡುಗಡೆ ಮಾಡಿದ 'ಸೈಬರ್‌ಪಂಕ್ 2077'. ಅದರೊಳಗೇ ಕಾರ್ಡಿನ ವೇಗ ಅಳೆಯುವ ಬೆಂಚ್‌ಮಾರ್ಕ್ ಇದೆ. ಒತ್ತಿದರೆ ಕ್ಯಾಮೆರಾ ತಾನೇ ಬಾರೊಂದನ್ನು ದಾಟಿ, ಬೀದಿ ಸುತ್ತಿ, ಕೊನೆಗೆ ಸೆಕೆಂಡಿಗೆ ಸರಾಸರಿ ಎಷ್ಟು ಫ್ರೇಮ್ (ಅಂದರೆ ಚಿತ್ರ), ಕನಿಷ್ಠ ಎಷ್ಟು ಎಂದು ಅಂಕಪಟ್ಟಿ ಕೊಡುತ್ತದೆ. ಕೈ ಕಟ್ಟಿ ಕೂತು ನೋಡುವ ಈ ಸುತ್ತಾಟವನ್ನೇ ಅವನು ಆಟ ಎನ್ನುವುದು. ನೆರಳು ಒಂದು ಹಂತ ಇಳಿಸಿ ಮತ್ತೆ. ರೇ ಟ್ರೇಸಿಂಗ್ ಹಾಕಿ ಮತ್ತೆ. ಬೆಳಕಿನ ಕಿರಣ ಎಲ್ಲಿ ಬಡಿದು ಎಲ್ಲಿಗೆ ಚಿಮ್ಮುತ್ತದೆಂದು ಲೆಕ್ಕ ಹಾಕುವುದರಲ್ಲೇ ಕಾರ್ಡು ಸುಸ್ತಾಗಿ ಫ್ರೇಮು ದಡಕ್ಕನೆ ಕುಸಿಯುತ್ತದೆ. ಫ್ರೇಮ್ ಜನರೇಷನ್ ಹಾಕಿದರೆ ಎರಡು ಅಸಲಿ ಫ್ರೇಮುಗಳ ನಡುವೆ ಕಾರ್ಡೇ ಒಂದನ್ನು ಊಹಿಸಿ ತುರುಕುತ್ತದೆ, ಅಂಕಿ ಏರುತ್ತದೆ. ಆಗ ಇವನು ಹಾಲಿಗೆ ನೀರು ಬೆರೆಸಿದವನನ್ನು ಕೈಯಾರೆ ಹಿಡಿದವನಂತೆ ಕೂಗಾಡುತ್ತಾನೆ.

"ಅಮ್ಮಾ, ಮಿಕ್ಸಿ ಹಾಕ್ಬೇಡ, ರನ್ ನಡೀತಿದೆ!" ಮಿಕ್ಸಿಗೂ ಕಾರ್ಡಿಗೂ ಏನು ನಂಟೋ ಆ ತಾಯಿಗೆ ಗೊತ್ತಿಲ್ಲ. ಚಟ್ನಿ ಮಾತ್ರ ಕಾಯುತ್ತದೆ.

"ಸರಾಸರಿ ಬಿಡಿ, ಒನ್ ಪರ್ಸೆಂಟ್ ಲೋ ನೋಡಿ" ಎನ್ನುವುದು ಅವನ ಅಂತಿಮ ತೀರ್ಪು. ತೀರಾ ನಿಧಾನವಾಗಿ ಬಂದ ನೂರಕ್ಕೊಂದು ಪಾಲು ಫ್ರೇಮುಗಳ ಲೆಕ್ಕ ಅದು. ಆಟ ಮುಗ್ಗರಿಸುವುದು ಅಲ್ಲೇ. ಇದರಲ್ಲೂ ಅವನು ಹೇಳುವುದು ಸರಿಯೇ. ಅವನ ಮಾನಿಟರ್ ಮಾತ್ರ 60 ಹರ್ಟ್ಜ್‌ನದು. ಸೆಕೆಂಡಿಗೆ 60 ಸಲಕ್ಕಿಂತ ಹೆಚ್ಚು ಚಿತ್ರ ಬದಲಿಸಲಾಗದ ಆ ಪರದೆಯ ಮುಂದೆ ಕೂತು, 91 ಮೇಲೋ 94 ಮೇಲೋ ಎಂದು ಗೆಳೆಯರೊಂದಿಗೆ ನಡುರಾತ್ರಿಯವರೆಗೆ ಜಗಳ. ಮಾನಿಟರ್ ಬದಲಿಸಪ್ಪಾ ಅಂದರೆ, "ಮುಂದಿನ ಕಾರ್ಡ್ ತಗೊಂಡ್ಮೇಲೆ ನೋಡೋಣ."

ಒಮ್ಮೆ ಕೇಳಿದೆ: "ಆ ಆಟದಲ್ಲಿ ನಟ ಕೀನೂ ರೀವ್ಸ್ ಇದ್ದಾನಂತಲ್ಲ?"

"ಇರ್ಬಹುದು. ಬೆಂಚ್‌ಮಾರ್ಕ್‌ನಲ್ಲಿ ಬರಲ್ಲ."

ಕಾರ್ಡು ಕೊಳ್ಳುವವರು ಧಾರಾಳವಾಗಿ ಇವನನ್ನು ಕೇಳಿ, ಮೋಸ ಹೋಗುವುದಿಲ್ಲ. ಆಟ ಹೇಗಿದೆ ಎಂದು ತಿಳಿಯಬೇಕಾದರೆ ಅವನ ಅಕ್ಕನನ್ನು ಕೇಳಬೇಕು. ತಮ್ಮ ಮಲಗಿದ ಮೇಲೆ ಅದೇ ಕಂಪ್ಯೂಟರಿನಲ್ಲಿ, ಎಲ್ಲ ಸೆಟ್ಟಿಂಗನ್ನೂ ಮೀಡಿಯಂಗಿಟ್ಟುಕೊಂಡು, ಅವಳು ಆ ಆಟವನ್ನು ಎರಡು ಸಲ ಮುಗಿಸಿದ್ದಾಳೆ.