ಬದುಚಲನ ಮೀಮಾಂಸೆ: ಹಾವೇರಿ ಸೀಮೆಯ ದಾರಿ ತಕರಾರುಗಳ ಶಾಸ್ತ್ರೀಯ ಅಧ್ಯಯನ

ಭೂಮಿ ತಿರುಗುತ್ತದೆಂದು ವಿದ್ವಾಂಸರು ಒಪ್ಪಿ ಶತಮಾನಗಳೇ ಆದವು. ಹೊಲದ ಬದು ಸರಿಯುತ್ತದೆಂದು ಒಪ್ಪಲು ಮಾತ್ರ ನಮ್ಮ ಸೀಮೆಯಲ್ಲಿ ಒಬ್ಬನೂ ತಯಾರಿಲ್ಲ. ಸರಿಸುವವನಂತೂ ಮೊದಲೇ ಇಲ್ಲ. ಈ ಕೊರತೆ ನೀಗಿಸಲು ಪ್ರಸ್ತುತ ಅಧ್ಯಯನ ಕೈಗೊಳ್ಳಲಾಗಿದೆ. ಹಾವೇರಿ ತಹಶೀಲ್ದಾರ ಕಚೇರಿಯ ಪಡಸಾಲೆ, ರಾಣೆಬೆನ್ನೂರಿನ ಚಹಾದಂಗಡಿಗಳು ಮತ್ತು ಸೋಮವಾರ, ಗುರುವಾರಗಳಂದು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಆಕರ ಸಂಗ್ರಹಿಸಿದ್ದೇನೆ. ಪೇಟೆಯ ಘಾಟಿಗೆ ಕಣ್ಣಲ್ಲಿ ನೀರು ಬಂದದ್ದನ್ನು ಕೆಲವು ಮಾಹಿತಿದಾರರು ಸಹಾನುಭೂತಿ ಎಂದು ತಿಳಿದು ಹೆಚ್ಚು ವಿವರ ಕೊಟ್ಟರು.

ಮೊದಲು ಗಣಿತ. ಇದು ಮುಂಬೈ ಪ್ರಾಂತದ ಮೋಜಣಿಯವರು 33 ಅಡಿಯ ಸರಪಳಿ ಎಳೆದು ಅಳೆದ ಸೀಮೆ. 33 ಅಡಿ ಚೌಕಕ್ಕೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ, ಗುಂಟೆಗೆ 16 ಆಣೆ. ನಾಣ್ಯದ ಆಣೆಗೆ 1957ರಲ್ಲಿ ನಯೇ ಪೈಸೆ ಬಂದು ಕುತ್ತು ತಂದಿತು. ಉತಾರದ ಆಣೆ ಗಟ್ಟಿಮುಟ್ಟಾಗಿದೆ. ಒಂದು ಆಣೆ ಎಂದರೆ ಸುಮಾರು 68 ಚದರ ಅಡಿ, ಎರಡು ಎಮ್ಮೆ ಕಟ್ಟುವಷ್ಟು ಜಾಗ. ಅಷ್ಟಕ್ಕೇ ಮೂರು ತಲೆಮಾರು ಮಾತು ಬಿಟ್ಟ ಅಣ್ಣತಮ್ಮಂದಿರ ಮನೆಗಳಿವೆ.

ಈಗ ಪ್ರಮೇಯ. ರಂಟೆ ಹೊಡೆಯುವಾಗ ವರ್ಷಕ್ಕೊಮ್ಮೆ ಬದುವಿನ ಕಡೆ ಒಂದು ಗೇಣು ಒತ್ತಿದರೆ 44 ವರ್ಷಕ್ಕೆ ಸರಿಯಾಗಿ 33 ಅಡಿ. ನಡುವೆ 12 ಅಡಿಯ ಚಕ್ಕಡಿ ದಾರಿ ಇದ್ದು ಎರಡೂ ಕಡೆಯವರು ಸಮಾನ ನಿಷ್ಠೆಯಿಂದ ದುಡಿದರೆ ಅದು 8 ವರ್ಷಕ್ಕೆ ಮುಗಿಯುತ್ತದೆ. 1882ರ ಅನುಭೋಗ ಹಕ್ಕಿನ ಕಾಯ್ದೆಯಾದರೋ ಹಕ್ಕು ಬಲಿಯಲು 20 ವರ್ಷ ತಡೆಯಿಲ್ಲದೆ ಓಡಾಡಿರಬೇಕು ಎನ್ನುತ್ತದೆ. ಅಂದರೆ ಹಕ್ಕು ಹುಟ್ಟುವ ಹೊತ್ತಿಗೆ ದಾರಿ ತೀರಿಕೊಂಡು 12 ವರ್ಷವಾಗಿರುತ್ತದೆ. ಒತ್ತಿದವನನ್ನು ಕೇಳಿದರೆ, "ಎತ್ತು ಎಳಿತಾವ್ರೀ ಯಜಮಾನ್ರ, ನಾ ಏನ್ ಮಾಡ್ಲಿ?" ಎಂಬ ಉತ್ತರ. ಎತ್ತು ಮಾರಿ ಟ್ರ್ಯಾಕ್ಟರ್ ತಂದು ಹತ್ತು ವರ್ಷವಾದರೂ ಆರೋಪ ಎತ್ತಿನ ಮೇಲೇ ಇದೆ.

ಕಾಲವಿಭಜನೆಗೆ ಬರೋಣ. ಸಾರ್ವಜನಿಕ ದಾರಿಯ ಮೇಲಿನ ನಾಗರಿಕತೆಯನ್ನು ನಾಲ್ಕು ಸ್ತರಗಳಲ್ಲಿ ಗುರುತಿಸಬಹುದು. ತಳದಲ್ಲಿ ತಿಪ್ಪೆ ಯುಗ: "ಒಂದ್ ಮಳಿ ಆದ ಮ್ಯಾಲೆ ಹೊಲಕ್ಕ ಹೇರ್ತೇವಿ" ಎಂಬ ಭರವಸೆಯ ಕಾಲ. ಅದರ ಮೇಲೆ ಬಣವೆ ಯುಗ. ಬಣವೆಗೆ ಮಳೆ ತಾಗಬಾರದಲ್ಲ, ಆದ್ದರಿಂದ ತಗಡು ಯುಗ. ಕೊನೆಯದು ಕಟ್ಟೆ ಯುಗ: ಒಂದು ನಸುಕಿನಲ್ಲಿ ಎಲ್ಲಿಂದಲೋ ಬಂದ ಕಲ್ಲಿಗೆ ಕುಂಕುಮ ಬೀಳುತ್ತದೆ, ಸುತ್ತ ಕಟ್ಟೆ ಏಳುತ್ತದೆ, ಅಲ್ಲಿಗೆ ಕಂದಾಯ ಇಲಾಖೆಯ ಅಧಿಕಾರವ್ಯಾಪ್ತಿ ಮುಗಿಯುತ್ತದೆ. ಗೋವಿನಜೋಳ ಎದೆಮಟ್ಟ ಬೆಳೆದಾಗ ಯಾವ ಸ್ತರವೂ ಕಾಣುವುದಿಲ್ಲ. ಸಂಶೋಧಕರು ಕೊಯ್ಲಿನವರೆಗೆ ಕಾಯಬೇಕು.

ಪರಿಭಾಷೆಯ ಬಗ್ಗೆ ಒಂದು ಮಾತು. ಉತಾರದಲ್ಲಿ 'ಅ' ಖರಾಬು, 'ಬ' ಖರಾಬು ಎಂದು ಎರಡುಂಟು. ಸಾಗುವಳಿಗೆ ಬಾರದ ಸ್ವಂತ ನೆಲ 'ಅ'. ದಾರಿ, ಹಳ್ಳ, ಸ್ಮಶಾನದಂಥ ಎಲ್ಲರ ನೆಲ 'ಬ'. ಈ 'ಬ' ಎಂದರೆ 'ಬಳಸಿಕೊಳ್ಳಿರಿ' ಎಂದು ಸ್ಥಳೀಯ ಭಾಷ್ಯಕಾರರ ಮತ. ಗಾಯರಾಣಕ್ಕೂ ಇದೇ ಭಾಷ್ಯ. 1966ರ ಭೂಕಂದಾಯ ನಿಯಮದಂತೆ ಊರಿನ 100 ದನಕ್ಕೆ 12 ಹೆಕ್ಟೇರ್ ಹುಲ್ಲುಗಾವಲು ಬಿಡಬೇಕು. ಆದ್ದರಿಂದ ಗಾಯರಾಣದಲ್ಲಿ ಜಾಗ ಬೇಕಾದವನು ಅರ್ಜಿ ಬರೆಯುವ ಮುನ್ನ ಊರಿನ ದನ ಎಣಿಸುತ್ತಾನೆ, ಆದಷ್ಟು ಕಡಿಮೆಯಾಗುವಂತೆ. ಎದುರಾಳಿಯೂ ಎಣಿಸುತ್ತಾನೆ, ಅವನ ಲೆಕ್ಕದಲ್ಲಿ ಬೀಗರೂರಿನ ಎಮ್ಮೆಗಳೂ ಸೇರಿರುತ್ತವೆ. ಈ ವಿವಾದದಿಂದ ಪೂರ್ತಿ ಹೊರಗಿರುವುದು ರಾಣೆಬೆನ್ನೂರಿನ ಕೃಷ್ಣಮೃಗವೊಂದೇ. 1974ರಿಂದ ಅದಕ್ಕೆ 119 ಚದರ ಕಿಲೋಮೀಟರ್ ಅಭಯಾರಣ್ಯವಿದೆ, ಆದರೂ ಯಾರ ಬದುವನ್ನೂ ಮಾನ್ಯ ಮಾಡದೆ ಎಲ್ಲರ ಪೈರನ್ನೂ ಸಮನಾಗಿ ಮೇಯುತ್ತದೆ.

ಪಟ್ಟಣದವರು ಇದನ್ನು ಹಳ್ಳಿಯ ರೋಗವೆಂದು ನಗಬಾರದು. ಬ್ಯಾಡಗಿಯ ಮುಖ್ಯರಸ್ತೆ 66 ಅಡಿ ಆಗಬೇಕೆಂದು ಹೋರಾಟಗಾರರು, ಅಂಗಡಿ ಒಡೆಯಬಾರದೆಂದು ಕಟ್ಟಡದವರು ವರ್ಷಗಟ್ಟಲೆ ಜಗ್ಗಾಡಿದರು; ಧರಣಿಯೂ ಆಯಿತು, ಕೋರ್ಟೂ ಆಯಿತು. 66 ಅಡಿ ಎಂದರೆ ನಮ್ಮ ಹಳೆಯ ಸರಪಳಿ ಎರಡು ಸಲ.

ಇನ್ನು ಪ್ರತ್ಯಕ್ಷ ಪ್ರಮಾಣ. ನಮ್ಮೂರಿನ ಓಣಿಯವರು ಹೊಲದ ದಾರಿಗಾಗಿ ಒಂದು ಸಂಘ ಕಟ್ಟಿದೆವು. ದಾರಿ ಆಗಲೇಬೇಕೆಂಬ ಮೊದಲ ಠರಾವು ಚಪ್ಪಾಳೆಯೊಂದಿಗೆ ಪಾಸಾಯಿತು. ಯಾರ ಹೊಲದಾಗ ಹಾಯಬೇಕು ಎಂಬ ಎರಡನೆಯದರ ವೇಳೆಗೆ ಚಹಾ ಬಂದಿತ್ತು, ಕುಡಿಯಲು ಜನರಿರಲಿಲ್ಲ. ನೋಂದಣಿಗೆ 1960ರ ಕಾಯ್ದೆಯಂತೆ ಏಳು ಜನ ಸಾಕು. ನಾವು ಹದಿನಾಲ್ಕು ಜನರಿದ್ದೆವು, ಆದಕಾರಣ ಎರಡು ಸಂಘಗಳಾದವು. ನಕಾಶೆಯಲ್ಲಿರುವ ದಾರಿಯನ್ನು ತಹಶೀಲ್ದಾರರು ತೆರವು ಮಾಡಿಸಬೇಕೆಂಬ 2023ರ ಸರಕಾರಿ ಸುತ್ತೋಲೆಯ ಜೆರಾಕ್ಸ್ ಎರಡೂ ಕಡೆಯವರ ಕಿಸೆಯಲ್ಲಿದೆ.

ಕೊನೆಗೆ ಹದ್ದುಬಸ್ತಿಗೆ ಫೀ ಕಟ್ಟಿ ಸರ್ವೇಯರ್‌ನನ್ನು ಕರೆಸಿದೆವು. ದೇವರಗುಡ್ಡದ ಕಾರಣಿಕದಂತೆ ಅವರದೂ ಒಂದೇ ಮಾತು: "ಕಲ್ಲ ಇಲ್ಲದ ಗೆರಿ ಇಲ್ಲ." ಒಂದು ಸಂಘ ಇದನ್ನು ತನ್ನ ಗೆಲುವೆಂದು ಅರ್ಥೈಸಿತು, ಇನ್ನೊಂದು ಸಂಘವೂ ಹಾಗೇ ಅರ್ಥೈಸಿತು. "ಏ ತಮ್ಮಾ, ಬಾಂದಗಲ್ಲ ಬೇವಿನ ಗಿಡದ ಬುಡಕ್ಕ ಇತ್ತು, ನಾನಽ ಕಂಡೇನಿ" ಎಂದು ಎದುರುಮನೆ ಕಾಕಾ ಹಟ ಹಿಡಿದರು. ಬುಡವನ್ನೆಲ್ಲ ಅಗೆದದ್ದಾಯಿತು. ಸಿಕ್ಕದ್ದು ಒಂದು ನೇಗಿಲ ಕುಳ, ಎರಡು ಬಿಯರ್ ಬಾಟಲಿ.

ಓದುಗರಲ್ಲಿ ಒಂದು ವಿನಂತಿ. ನಮ್ಮ ಹಿತ್ತಲ ಬಚ್ಚಲಿನ ಬದಿಯಲ್ಲಿ ಅಪ್ಪನ ಕಾಲದಿಂದ ಅರಿವೆ ಒಗೆಯುವ ಕಲ್ಲೊಂದಿದೆ. ಮೊನ್ನೆ ಪಾಚಿ ಉಜ್ಜುವಾಗ ಅದರ ನೆತ್ತಿಯ ಮೇಲೆ ಉಳಿಯಿಂದ ಹೊಡೆದ ಕೂಡುಗುರುತು ಕಂಡಿತು. ಈ ಪ್ರಬಂಧ ಕಾಕಾನ ಕೈಗೆ ಸಿಗದಂತೆ ದಯವಿಟ್ಟು ನೋಡಿಕೊಳ್ಳಿ.